ಹಳುವಿನ ಕಾಡಿಗೆ ಮೂತಿವರೆಗೂ ಮರವಿರುವ ರೈಫಲ್: ನಾನು ಆರಿಸಿಕೊಂಡ ಬಗೆ

ಫುಲ್ ಸ್ಟಾಕ್ ರೈಫಲ್ ಕೊಳ್ಳಲು ಹೊರಟವರು ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ನಳಿಗೆಯ ಮೂತಿಯನ್ನು. ಇಂಗ್ಲೆಂಡಿನಲ್ಲಿ ಇವತ್ತು ಜಿಂಕೆಗೆ ಹೋಗುವವರ ರೈಫಲುಗಳಲ್ಲಿ ಬಹುಪಾಲಿನ ತುದಿಗೆ ಮಾಡರೇಟರ್ ಇರುತ್ತದೆ, ನಾವು ಸೈಲೆನ್ಸರ್ ಅನ್ನುವುದು ಅದನ್ನೇ. ಫುಲ್ ಸ್ಟಾಕಿನಲ್ಲಿ ಮರ ಮೂತಿಯವರೆಗೂ ಬಂದು, ಅಲ್ಲಿ ಒಂದು ಉಕ್ಕಿನ ಟೊಪ್ಪಿಯೊಳಗೆ ಮುಗಿಯುತ್ತದೆ. ಮಾಡರೇಟರ್ ತಿರುಗಿಸಿ ಕೂರಿಸಲು ಜಾಗವೇ ಉಳಿದಿರುವುದಿಲ್ಲ. ಕೆಲವರು ಮರವನ್ನು ಹಿಂದಕ್ಕೆ ಕತ್ತರಿಸಿ ನಳಿಗೆಯ ತುದಿಗೆ ತಿರುಪಿನ ಎಳೆ ಕೊರೆಸುತ್ತಾರೆ. ಹಾಗೆ ಮಾಡಿಸುವುದಾದರೆ ಮರ ನಳಿಗೆಯ ನಡುವಿಗೇ ನಿಲ್ಲುವ ಅರ್ಧ ಮರದ ರೈಫಲನ್ನೇ ಕೊಳ್ಳಬಹುದಿತ್ತಲ್ಲ ಎಂದು ನನಗೆ ಅನ್ನಿಸುತ್ತದೆ. ನೀವು ಬೇಟೆಯಾಡುವ ಕಾಡಿನ ಪಕ್ಕದಲ್ಲಿ ಮನೆಗಳಿದ್ದರೆ, ಕುದುರೆ ಲಾಯವಿದ್ದರೆ, ಇಲ್ಲವೇ ಒಂದೇ ಮುಂಜಾವಿನಲ್ಲಿ ಮೂರು ನಾಲ್ಕು ಫ್ಯಾಲೋ ಜಿಂಕೆ ಹೊಡೆಯಬೇಕಾದ ಜವಾಬ್ದಾರಿ ನಿಮ್ಮದಾಗಿದ್ದರೆ, ಫುಲ್ ಸ್ಟಾಕಿನ ಆಸೆ ಬಿಡುವುದೇ ಸರಿ. ನನ್ನದು ಆ ತರಹದ ಕಾಡಲ್ಲ. ಹಾಗಾಗಿ ಮುಂದುವರಿದೆ.

ನಾನು ಸಕಲೇಶಪುರದ ಕಡೆಯ ಕಾಫಿ ತೋಟದ ಮನೆಯವನು. ಮನೆಯಲ್ಲಿ ಜೋಡಿ ನಳಿಗೆಯ ತೋಟೆ ಕೋವಿ ಇತ್ತು. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದ ನಮಗೆಲ್ಲ ಅದರ ಕೆಲಸವೆಂದರೆ ರಾತ್ರಿ ಗದ್ದೆಗೆ ಇಳಿದ ಹಂದಿಗಳನ್ನು ಬೆದರಿಸಲು ಗಾಳಿಗೆ ಒಂದು ಈಡು, ಅಷ್ಟೆ. ಅಡಗಿ ಮರಸು ಕೂರುವುದು, ಪ್ರಾಣಿ ಎಬ್ಬಿಸುವ ಸೋವಿಗೆ ಹೋಗುವುದು ಎಲ್ಲ ಅಜ್ಜನ ಕಾಲದ ಮಾತು. ಸ್ಕೋಪ್ (ಗುರಿ ನೋಡುವ ದುರ್ಬೀನು) ಇರುವ ರೈಫಲ್ ಮೊದಲು ಕೈಗೆ ಬಂದದ್ದು ಉದ್ಯೋಗಕ್ಕಾಗಿ ಇಂಗ್ಲೆಂಡಿನ ರೆಡಿಂಗ್ ಊರಿಗೆ ಬಂದು ನೆಲೆಸಿದ ಮೇಲೆ. ಇಲ್ಲಿ ತೋಳ, ಲಿಂಕ್ಸ್ ಅಳಿದು ಶತಮಾನಗಳೇ ಆಗಿವೆ. ಜಿಂಕೆಗಳನ್ನು ತಿನ್ನುವವರಿಲ್ಲದೆ ಅವು ಚಿಗುರುವ ಹೇಜಲ್ ಮೋಟು, ಓಕ್ ಸಸಿ ಎಲ್ಲವನ್ನೂ ಮುಕ್ಕುತ್ತವೆ. ಜಮೀನಿನವರ ಅನುಮತಿ, ಜಿಂಕೆ ಬೇಟೆಯ ಮೊದಲ ಹಂತದ ಸರ್ಟಿಫಿಕೇಟು, ಪೊಲೀಸರು ಕೊಡುವ ಬಂದೂಕು ಪರವಾನಗಿ, ಇಷ್ಟಿದ್ದರೆ ಯಾರು ಬೇಕಾದರೂ ಅವುಗಳ ಸಂಖ್ಯೆ ತಗ್ಗಿಸುವ ಈ ಕೆಲಸಕ್ಕೆ ಇಳಿಯಬಹುದು.

ನಾನು ಹೋಗುವುದು ಬರ್ಕ್‌ಶೈರ್ ಮತ್ತು ಹ್ಯಾಂಪ್‌ಶೈರ್ ಸೇರುವ ಅಂಚಿನ ಒಂದು ಹಳೆಯ ಹೇಜಲ್ ಕಾಡಿಗೆ. ಬೇಸಿಗೆಯಲ್ಲಿ ಎದೆಮಟ್ಟದ ಬ್ರಾಕನ್ ಜರಿಗಿಡ, ಉಳಿದ ಕಾಲದಲ್ಲಿ ಬ್ರ್ಯಾಂಬಲ್ ಮುಳ್ಳು. ನಮ್ಮ ಕಡೆ ಹಳು ಅನ್ನುತ್ತೇವಲ್ಲ, ಅದೇ. ರೋ, ಫ್ಯಾಲೋ, ಮಂಟ್‌ಜ್ಯಾಕ್ ಮೂರೂ ಜಾತಿಯ ಜಿಂಕೆ ಇವೆ. ಮಂಟ್‌ಜ್ಯಾಕ್ ಅಂದರೆ ನಮ್ಮ ಕಾಡುಕುರಿಯ ಚೀನಾ ದಾಯಾದಿ. ಬೆಡ್‌ಫರ್ಡ್ ಡ್ಯೂಕರ ವೋಬರ್ನ್ ಉದ್ಯಾನಕ್ಕೆ ತಂದದ್ದು ಈಗ ದಕ್ಷಿಣ ಇಂಗ್ಲೆಂಡಿನ ತುಂಬ ಹಬ್ಬಿದೆ. ಸಂಜೆಗತ್ತಲಲ್ಲಿ ಅದು ಬೊಗಳುವುದನ್ನು ಕೇಳಿದಾಗ ಬಿಸಿಲೆ ಘಾಟಿಯ ನೆನಪಾಗದೆ ಇರುವುದಿಲ್ಲ. ಇಲ್ಲಿ ಗುರಿಯ ದೂರ ಸಾಮಾನ್ಯವಾಗಿ 40ರಿಂದ 80 ಮೀಟರ್. ಪ್ರಾಣಿ ಕಾಣಿಸಿಕೊಂಡು ನಿಲ್ಲುವುದು ಕೆಲವೇ ಸೆಕೆಂಡು. 24 ಇಂಚಿನ ನಳಿಗೆ, ಅದರ ಮುಂದೆ ಮಾಡರೇಟರ್ ಸೇರಿದ ರೈಫಲನ್ನು ಇಂಥ ಕಡೆ ಹೊತ್ತು ಓಡಾಡಿದವರಿಗೆ ಗೊತ್ತು, ಅದು ಪ್ರತಿ ಕೊಂಬೆಗೂ ನಮಸ್ಕಾರ ಹೇಳಿಕೊಂಡೇ ಸಾಗುತ್ತದೆ. ಅಟ್ಟಣೆಯ ಏಣಿ ಹತ್ತುವಾಗಲಂತೂ ಕೇಳುವುದೇ ಬೇಡ.

ಮೂತಿವರೆಗೆ ಮರವಿರುವ ಗಿಡ್ಡ ರೈಫಲಿನ ಖ್ಯಾತಿ ಶುರುವಾದದ್ದು ಆಸ್ಟ್ರಿಯಾದ ಸ್ಟೈರ್ ಕಾರ್ಖಾನೆಯ 1903ರ ಮಾನ್‌ಲಿಖರ್–ಶೋನೌವರ್‌ನಿಂದ ಎನ್ನಬಹುದು. 45 ಸೆಂಟಿಮೀಟರ್ ನಳಿಗೆ, ತೋಟೆಯನ್ನು ನಳಿಗೆಗೆ ದೂಡುವ ಬೋಲ್ಟಿಗೆ ಬೆಣ್ಣೆ ಚಾಕುವಿನ ಹಾಗೆ ಚಪ್ಪಟೆಯಾದ ಹಿಡಿ, ತೋಟೆಗಳನ್ನು ಹಿಡಿದಿಡಲು ತಿರುಗುವ ಮ್ಯಾಗಜೀನ್. ಬೋಲ್ಟನ್ನು ಒಂದು ಬೆರಳಲ್ಲಿ ತಳ್ಳಿದರೆ ಎಣ್ಣೆಯ ಮೇಲೆ ಜಾರಿದ ಹಾಗೆ ಹೋಗುತ್ತದೆ. ಅಂಗಡಿಯಲ್ಲಿ ಅದನ್ನು ಹೆಗಲಿಗೇರಿಸಿದಾಗ ಮನಸ್ಸು ಸೋತದ್ದು ನಿಜ. ಆದರೂ ಕೊಳ್ಳಲಿಲ್ಲ. ಕಾರಣಗಳಲ್ಲಿ ಮೊದಲನೆಯದು ಕಾನೂನು. ಅದರ 6.5×54 ತೋಟೆ (ಮಿಲಿಮೀಟರಿನಲ್ಲಿ ಗುಂಡಿನ ದಪ್ಪ, ತೋಟೆ ಕವಚದ ಉದ್ದ) 160 ಗ್ರೇನ್ ತೂಕದ ಉದ್ದನೆಯ ಗುಂಡನ್ನು ಸೆಕೆಂಡಿಗೆ ಸುಮಾರು 2,200 ಅಡಿ ವೇಗದಲ್ಲಿ ಬಿಡುತ್ತದೆ. ಇಂಗ್ಲೆಂಡಿನಲ್ಲಿ ರೋ, ಫ್ಯಾಲೋಗಳಿಗೆ ಕನಿಷ್ಠ .240 ಇಂಚು ವ್ಯಾಸ, 1,700 ಅಡಿ-ಪೌಂಡ್ ಶಕ್ತಿ ಬೇಕು. ಈ ತೋಟೆ ಆ ಗೆರೆಯ ಮೇಲೆಯೇ ತೂಗಾಡುತ್ತದೆ. ಸ್ಕಾಟ್‌ಲೆಂಡಿನಲ್ಲಿ ವೇಗವೇ 2,450 ಅಡಿ ಇರಬೇಕು ಅನ್ನುತ್ತಾರೆ, ಅಲ್ಲಿಗೆ ಕಥೆ ಮುಗಿಯಿತು. ಹಗುರ ಗುಂಡು ಹಾಕಿ ಕೈಯಾರೆ ತೋಟೆ ತುಂಬಿಕೊಂಡರೆ ವೇಗ ಸಿಗಬಹುದು. ಆದರೆ ಆ ನಳಿಗೆಯ ಗಂಟಲು, ಅಂದರೆ ತೋಟೆಯ ಮುಂದಿನ ಭಾಗ, ಉದ್ದದ ಗುಂಡಿಗೆ ಕೊರೆದದ್ದು, ಗಿಡ್ಡ ಗುಂಡು ನಳಿಗೆಯೊಳಗಿನ ಸುರುಳಿ ಎಳೆಗಳಿಗೆ ತಾಗುವ ಮುನ್ನ ದೂರ ಜಿಗಿಯಬೇಕು, ಗುರಿ ಕೆಡುವ ಭಯ. ಇನ್ನು ಸ್ಕೋಪ್ ಕೂರಿಸುವುದು ಬೇರೆಯೇ ಫಜೀತಿ. ಬೋಲ್ಟ್ ಹಿಡಿ, ಬೋಲ್ಟ್ ಓಡಾಡುವ ಉಕ್ಕಿನ ಚೌಕಟ್ಟಿನ ಮೇಲಿನ ಸೇತುವೆಯನ್ನು ಸೀಳಿಕೊಂಡು ಹಿಂದೆ ಬರುವ ವಿನ್ಯಾಸ ಅದು. ಸಾಮಾನ್ಯವಾಗಿ ಸ್ಕೋಪನ್ನು ಹಿಡಿಯುವ ಕೊಂಡಿಯ ಮೌಂಟನ್ನು ಬಲ್ಲ ಕುಶಲಿಗನಿಂದ ಮಾಡಿಸಬೇಕಾಗುತ್ತದೆ. ಮಳೆಯಲ್ಲಿ, ಮುಳ್ಳಿನಲ್ಲಿ ಎಳೆದಾಡುವ ಕೋವಿಗೆ ಅಷ್ಟು ಖರ್ಚು ನನಗೆ ಒಪ್ಪಿಗೆಯಾಗಲಿಲ್ಲ.

ಉಳಿದವುಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸ್ಟೈರ್‌ನವರ ಹೊಸ ಕ್ಲಾಸಿಕ್, ಫಿನ್‌ಲೆಂಡಿನ ಸಾಕೋ 85 ಬವೇರಿಯನ್ ಕಾರ್ಬೈನ್ ಎರಡೂ ಚಂದ, ಬೆಲೆಯೂ ಅಷ್ಟೇ ಚಂದ. ಅಮೆರಿಕದ ರೂಗರ್ ಇಂಟರ್‌ನ್ಯಾಷನಲ್‌ನ ನಳಿಗೆ 18.5 ಇಂಚು, ಕೈಗೆ ಹಗುರ, ಕಿವಿಗೆ ಭಾರ. ನಾನು ಕೊನೆಗೆ ಆರಿಸಿದ್ದು ಚೆಕ್ ದೇಶದ ಊಹೆರ್‌ಸ್ಕಿ ಬ್ರೋಡ್‌ನಲ್ಲಿ ತಯಾರಾದ ಸೀಝಡ್ 550 ಎಫ್‌ಎಸ್ (ಫುಲ್ ಸ್ಟಾಕ್), ಸೆಕೆಂಡ್ ಹ್ಯಾಂಡ್. ನಳಿಗೆ 20.5 ಇಂಚು, ತೂಕ ಮೂರು ಕಿಲೋ ಚಿಲ್ಲರೆ. ಈ ಮಾದರಿಯ ತಯಾರಿಕೆ ನಿಂತುಹೋಗಿದೆ, ಆದರೆ ಇಲ್ಲಿನ ಹಳೆ ಮಾಲಿನ ಅಂಗಡಿಗಳಲ್ಲಿ ಸಿಗುತ್ತದೆ. ಬೆಲೆ ಕೇಳಿದ ಚಿಕ್ಕಪ್ಪ ಫೋನಿನಲ್ಲಿ, “ಒಂಟಿ ನಳಿಗೆಗೆ ಇಷ್ಟು ದುಡ್ಡು ಕೊಟ್ಯಾ ಮಾರಾಯ?” ಅಂದರು. ಅವರ ಲೆಕ್ಕದಲ್ಲಿ ಎರಡು ನಳಿಗೆಗೆ ಎರಡು ಪಟ್ಟು ಬೆಲೆ.

ಕ್ಯಾಲಿಬರ್, ಅಂದರೆ ತೋಟೆಯ ಅಳತೆ, 6.5×55. ಇಲ್ಲಿ ಎಲ್ಲರ ಕೈಯಲ್ಲೂ .243 ಇಂಚಿನ ಕ್ಯಾಲಿಬರ್ ಇರುತ್ತದೆ, ಒಳ್ಳೆಯದೇ. ಆದರೆ ಸಣ್ಣ ಗುಂಡಿನ ಹಿಂದೆ ಹೆಚ್ಚು ಮದ್ದು ಉರಿಯುವ ತೋಟೆ ಅದು. ಗಿಡ್ಡ ನಳಿಗೆಯಲ್ಲಿ ಅದರ ಸದ್ದೂ ಮೂತಿಯ ಬೆಂಕಿಯೂ ಜಾಸ್ತಿ, ಮುಸ್ಸಂಜೆಯಲ್ಲಿ ಆ ಬೆಳಕಿಗೆ ಕಣ್ಣು ಕತ್ತಲಿಟ್ಟು ಪ್ರಾಣಿ ಯಾವ ಕಡೆ ಹಾರಿತೆಂಬುದೇ ತಿಳಿಯುವುದಿಲ್ಲ. .308 ಗಿಡ್ಡ ನಳಿಗೆಗೆ ಹೇಳಿ ಮಾಡಿಸಿದ್ದು. ಅದು ಸಿಕ್ಕಿದ್ದರೆ ಅದನ್ನೇ ತೆಗೆದುಕೊಳ್ಳುತ್ತಿದ್ದೆ. ನನಗೆ ಸಿಕ್ಕ ಒಳ್ಳೆಯ ಮರದ ರೈಫಲ್ 6.5ರದ್ದಾಗಿತ್ತು, ಮರಕ್ಕಾಗಿ ಕ್ಯಾಲಿಬರನ್ನು ಒಪ್ಪಿಕೊಂಡೆ. 20 ಇಂಚಿನಲ್ಲೂ 140 ಗ್ರೇನಿನ ಗುಂಡು 2,500 ಅಡಿ ಆಸುಪಾಸು ಹೋಗುತ್ತದೆ, ಶಕ್ತಿ 1,900 ದಾಟುತ್ತದೆ. ಕಾನೂನಿಗೂ ಸಾಕು, ಫ್ಯಾಲೋಗೂ ಸಾಕು.

ಮರಕ್ಕಾಗಿ ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಅರ್ಧ ಮರದ ರೈಫಲಿನಲ್ಲಿ ನಳಿಗೆಯ ಮುಂಭಾಗ ಗಾಳಿಯಲ್ಲಿ ಸ್ವತಂತ್ರವಾಗಿರುತ್ತದೆ. ಇಲ್ಲಿ ಹಾಗಲ್ಲ, ಮೂತಿಯಲ್ಲಿ ಮರವೂ ನಳಿಗೆಯೂ ಒಂದಕ್ಕೊಂದು ಕಟ್ಟಿಹಾಕಿಕೊಂಡಿರುತ್ತವೆ. ವಾಲ್‌ನಟ್ ಮರ ತೇವ ಕುಡಿದು ಉಬ್ಬಿದರೆ, ಒಣಗಿ ಸೊಟ್ಟಗಾದರೆ, ನಳಿಗೆಯನ್ನು ಪಕ್ಕಕ್ಕೆ ದೂಡುತ್ತದೆ. ಗುಂಡು ಬೀಳುವ ಜಾಗ ಬದಲಾಗುತ್ತದೆ. ಆದ್ದರಿಂದ ಅಂಗಡಿಯಲ್ಲಿ ಎಲ್ಲರೂ ಹೆಗಲಿಗಿಡುವ ಬುಡದ ಮರದ ಚಿತ್ತಾರ ನೋಡುವಾಗ ನಾನು ಮುಂದಿನ ಮರದ ನಾರು ನೋಡಿದೆ. ಅಲ್ಲಿ ಚಿತ್ತಾರ ಬೇಡವೇ ಬೇಡ, ನಾರು ನೇರವಾಗಿ ನಳಿಗೆಯ ಜೊತೆಗೇ ಓಡಬೇಕು. ಆಮೇಲೆ ಎರಡೂ ಬದಿಯ ಸಂದು ಉದ್ದಕ್ಕೂ ಸಮನಾಗಿದೆಯೇ ಎಂದು ಕಣ್ಣು ಹಾಯಿಸಿದೆ. ಕೊನೆಗೆ ಅಂಗಡಿಯವರನ್ನು ಕೇಳಿ ಮೂತಿ ಟೊಪ್ಪಿಯ ತಿರುಪು ಸಡಿಲಿಸಿದೆ. ತಿರುಪು ಬಿಟ್ಟ ಕೂಡಲೇ ಮರ ನಳಿಗೆಯಿಂದ ಪಟ್ಟನೆ ಸಿಡಿದು ಪಕ್ಕಕ್ಕೆ ಹೋದರೆ ಒಳಗೆ ಬಿಗಿ ಇದೆ ಎಂದರ್ಥ. ಅಂಥದ್ದೊಂದನ್ನು ಅದೇ ಅಂಗಡಿಯಲ್ಲಿ ವಾಪಸಿಟ್ಟೆ, ನೋಡಲು ಅದೇ ಹೆಚ್ಚು ಸುಂದರವಾಗಿತ್ತು. ನನ್ನದರಲ್ಲಿ ಮರ ಕದಲಲಿಲ್ಲ.

ಆದರೂ ಕೊಂಡ ಮೇಲೆ ಗನ್‌ಸ್ಮಿತ್ ಒಬ್ಬರಿಗೆ ಒಯ್ದು, ಮರದ ಒಳಗಾಲುವೆಯನ್ನು ತುಸು ಅಗಲಿಸಿ, ಹಿನ್ನೂಕು ತಡೆಯುವ ಉಕ್ಕಿನ ಚಾಚಿನ ಹಿಂದೆ ಎಪಾಕ್ಸಿ ಅಂಟು ತುಂಬಿಸಿದೆ. ಮುಂದೆ ಮರ ಮುಟ್ಟುವುದು ಈಗ ಮೂತಿಯ ಹತ್ತಿರ ಮಾತ್ರ. ಒಳಭಾಗಕ್ಕೆ ಎಣ್ಣೆ ಕುಡಿಸುವ ಕೆಲಸ ನಾನೇ ಮಾಡಿದೆ: ತೆಳುವಾಗಿ ಒಂದು ಕೈ, ಒಣಗಿದ ಮೇಲೆ ಇನ್ನೊಂದು. ಹೊರಗಿನ ಮೆರುಗಿಗಿಂತ ಇದು ಮುಖ್ಯ, ತೇವ ಹೊಕ್ಕುವುದು ಯಾರೂ ಪಾಲಿಶ್ ಮಾಡದ ಒಳಮೈಯಿಂದ. ಮಳೆಯಲ್ಲಿ ನೆನೆದ ದಿನ ಟೊಪ್ಪಿ ಬಿಚ್ಚಿ, ಮರ ಕಳಚಿ, ನಳಿಗೆಯ ಅಡಿಭಾಗ ಒರೆಸುವುದೂ ಕಡ್ಡಾಯ. ಅಲ್ಲಿ ಹಿಡಿಯುವ ತುಕ್ಕು ಮೇಲಿನಿಂದ ಕಾಣುವುದಿಲ್ಲ. ಹಾಗೆ ಕಳಚಿ ಜೋಡಿಸಿದಾಗಲೆಲ್ಲ ತಿರುಪುಗಳನ್ನು ಮೊದಲಿನ ಬಿಗಿಗೇ ತಂದು ಗುರಿ ಪರೀಕ್ಷಿಸುತ್ತೇನೆ.

ಗುರಿ ಹೊಂದಿಸುವ ಕ್ರಮವೂ ಬೇರೆ. ಬೆಂಚಿನ ಮೇಲೆ ಕೂತು ಒಂದರ ಹಿಂದೊಂದು ಗುಂಡು ಹಾರಿಸಿದರೆ ನಳಿಗೆ ಬಿಸಿಯಾಗಿ, ಮರಕ್ಕೆ ಒತ್ತಿ, ಗುರುತುಗಳು ಸಾಲಾಗಿ ಮೇಲಕ್ಕೆ ಏರುತ್ತವೆ. ಅದನ್ನು ನೋಡಿ ರೈಫಲ್ ಕೆಟ್ಟದ್ದೆಂದು ಮಾರಿದವರನ್ನು ಬಲ್ಲೆ. ಕಾಡಿನಲ್ಲಿ ಲೆಕ್ಕಕ್ಕೆ ಬರುವುದು ತಣ್ಣನೆಯ ನಳಿಗೆಯ ಮೊದಲ ಗುಂಡು. ನಾನು ಒಂದು ಹಾರಿಸಿ, ಬೋಲ್ಟ್ ತೆಗೆದಿಟ್ಟು, ಫ್ಲಾಸ್ಕಿನ ಕಾಫಿ ಕುಡಿದು, ನಳಿಗೆ ಆರಿದ ಮೇಲೆ ಎರಡನೆಯದು ಹಾರಿಸುತ್ತೇನೆ. ಅದೂ ಕಾಡಿನಲ್ಲಿ ಬಳಸುವ ಕೋಲುಗಳ ಮೇಲೇ, ಮ್ಯಾಗಜೀನಿನ ಸ್ವಲ್ಪ ಮುಂದಕ್ಕೆ ಆನಿಸಿ. ಅಟ್ಟಣೆಯ ಕಂಬಿಗೆ ಮೂತಿಯ ಕಡೆಯ ಮರವನ್ನು ಒರಗಿಸಿದರೆ ಗುಂಡು ಬೇರೆ ಕಡೆ ಹೋಗುತ್ತದೆ. ಸ್ಲಿಂಗನ್ನು (ಹೆಗಲ ಪಟ್ಟಿಯನ್ನು) ಬಿಗಿಯಾಗಿ ಎಳೆದು ಹಿಡಿಯುವ ಅಭ್ಯಾಸವಿದ್ದರೂ ಅದೇ ತೊಂದರೆ.

ಸೀಝಡ್‌ನ ಬುಡದ ಮರಕ್ಕೆ ಬವೇರಿಯಾದ ಶೈಲಿಯ ಗೂನು ಇದೆ, ಕಬ್ಬಿಣದ ಗುರಿಕಣ್ಣಿಗೆ ಮಾಡಿದ್ದು. ಸ್ಕೋಪ್ ಎತ್ತರವಾದರೆ ಕೆನ್ನೆ ಮರದಿಂದ ಮೇಲೇಳುತ್ತದೆ. ಅದಕ್ಕೇ ದೊಡ್ಡ ಗಾಜಿನ ಆಸೆ ಬಿಟ್ಟು, ಆರು ಪಟ್ಟು ದೊಡ್ಡದಾಗಿ ತೋರಿಸುವ, ಆ ಪಟ್ಟು ಬದಲಾಗದ 6×42 ಸ್ಕೋಪನ್ನು ಆದಷ್ಟು ತಗ್ಗಿನ ಉಂಗುರಗಳಲ್ಲಿ ಕೂರಿಸಿದೆ. ಸೂರ್ಯಾಸ್ತದ ನಂತರ ಒಂದು ಗಂಟೆವರೆಗೆ ಕಾನೂನು ಅನುಮತಿಸುತ್ತದೆ, ಹಳುವಿನೊಳಗೆ ಅಷ್ಟು ಹೊತ್ತು ಬೆಳಕೇ ಉಳಿಯುವುದಿಲ್ಲ. ಟ್ರಿಗರಿನಲ್ಲಿ ಸೆಟ್ ವ್ಯವಸ್ಥೆಯಿದೆ: ಮುಂದಕ್ಕೆ ತಳ್ಳಿದರೆ ಕ್ಲಿಕ್ ಅಂದು, ಆಮೇಲೆ ಬೆರಳು ಸೋಕಿದರೆ ಸಾಕು. ಗ್ಲೌಸ್ ಹಾಕಿದ, ಚಳಿಗೆ ಮರಗಟ್ಟಿದ ಬೆರಳಿಗೆ ಅದು ಅಪಾಯ. ನಾನು ಅದನ್ನು ಬಳಸುವುದು ಗುರಿ ಹೊಂದಿಸುವಾಗ ಮಾತ್ರ.

ಸದ್ದಿನ ವಿಷಯಕ್ಕೆ ಉಪಾಯವಿಲ್ಲ. ಮಾಡರೇಟರ್ ಇಲ್ಲದ ರೈಫಲಿನ ಸದ್ದು ಕಿವಿಯನ್ನು ಶಾಶ್ವತವಾಗಿ ಕೆಡಿಸಬಲ್ಲದು, ಅದು ಒಂದೇ ಈಡಿನಲ್ಲೂ ಆಗಬಹುದು. ಎಲೆಕ್ಟ್ರಾನಿಕ್ ಇಯರ್‌ಮಫ್ ಹಾಕಿಕೊಂಡೇ ನಡೆಯುತ್ತೇನೆ. ಎಲೆಯ ಸರಪರವನ್ನು ಅದು ದೊಡ್ಡದು ಮಾಡಿ ಕೇಳಿಸುತ್ತದೆ, ಈಡಿನ ಸದ್ದನ್ನು ತಡೆಯುತ್ತದೆ. ಅದರ ಬೆಲೆಯನ್ನು ರೈಫಲಿನ ಬೆಲೆಗೇ ಸೇರಿಸಿ ಲೆಕ್ಕ ಹಾಕಿ. ನಾಯಿ ಕರೆದೊಯ್ಯುವವರು ಈ ರೈಫಲ್ ಕೊಳ್ಳಬೇಡಿ, ನಾಯಿಯ ಕಿವಿಗೆ ಮಫ್ ಹಾಕಿ ಹಳುವಿನಲ್ಲಿ ನಡೆಸುವುದು ಕಷ್ಟ.

ಮಾಂಸ ಕೊಳ್ಳುವ ವ್ಯಾಪಾರಿಗಳಲ್ಲಿ ಹಲವರು ಈಗ ಸೀಸವಿಲ್ಲದ ಗುಂಡನ್ನೇ ಕೇಳುತ್ತಾರೆ. ತಾಮ್ರ ಸೀಸಕ್ಕಿಂತ ಹಗುರ, ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಉದ್ದದ ಗುಂಡಿಗೆ ನಳಿಗೆಯೊಳಗಿನ ಎಳೆಗಳು ಬಿಗಿಯಾಗಿ ಸುತ್ತಿರಬೇಕು. ಹಳೆಯ 6.5ಗಳು ಮೊದಲಿನಿಂದಲೂ ಉದ್ದ ಗುಂಡಿಗೆಂದೇ ಕೊರೆದವು, ಹಾಗಾಗಿ ನನಗೆ ಬದಲಾವಣೆ ಸುಲಭವಾಯಿತು. 120 ಗ್ರೇನಿನ ತಾಮ್ರದ ಗುಂಡು ನನ್ನ ರೈಫಲಿನಲ್ಲಿ, ತಣ್ಣನೆಯ ನಳಿಗೆಯಿಂದ, ನೂರು ಮೀಟರಿಗೆ ಒಂದೂವರೆ ಇಂಚಿನೊಳಗೆ ಬೀಳುತ್ತದೆ. ಅರ್ಧ ಮರದ, ಉದ್ದ ನಳಿಗೆಯ ರೈಫಲ್ ಇದಕ್ಕಿಂತ ಚಿಕ್ಕ ಗುಂಪು ಕೊಡುತ್ತದೆ ನಿಜ. ನನ್ನ ಕಾಡಿನಲ್ಲಿ ನೂರು ಮೀಟರ್ ಕಾಣುವ ಜಾಗವಿರುವುದು ಒಂದೇ ಕಡೆ, ಅಲ್ಲಿ ದಿನವಿಡೀ ನಾಯಿ ಅಡ್ಡಾಡಿಸುವವರು ಇರುತ್ತಾರೆ.