ಕಾರ್ಡಿನಿಂದ ಅಳಿಸಿಹೋದ ದಸರಾ ಚಿತ್ರಗಳನ್ನು ಮರಳಿ ಪಡೆಯುವುದು

ಬನ್ನಿಮಂಟಪದ ಪಂಜಿನ ಕವಾಯತು ಮುಗಿಸಿ ಮನೆಗೆ ಬಂದು ನೋಡಿದರೆ ಕಾರ್ಡು ಖಾಲಿಯೇ? ಮೊದಲು ಕ್ಯಾಮೆರಾ ಆಫ್ ಮಾಡಿ, ಇನ್ನೊಂದು ಚಿತ್ರವನ್ನೂ ತೆಗೆಯಬೇಡಿ. ಅಳಿಸಿದಾಗ ಸಾಮಾನ್ಯವಾಗಿ ಹೋಗುವುದು ಫೈಲಿನ ವಿಳಾಸ ಮಾತ್ರ. ಮಾಹಿತಿ ಅಲ್ಲೇ ಇರುತ್ತದೆ. ಅದರ ಮೇಲೆ ಹೊಸದು ಬಂದು ಕೂತರೆ ಕತೆ ಮುಗಿಯಿತು.

ಎಸ್‌ಡಿ ಕಾರ್ಡಿನ ಪಕ್ಕದಲ್ಲಿರುವ ಪುಟ್ಟ ಲಾಕನ್ನು ‘ಲಾಕ್’ ಎಂದಿರುವ ಕಡೆಗೆ ಸರಿಸಿ, ಕಾರ್ಡ್ ರೀಡರ್‌ಗೆ ಹಾಕಿ. ಫಾರ್ಮ್ಯಾಟ್ ಮಾಡಲೇ ಎಂದು ವಿಂಡೋಸ್ ಕೇಳಿದರೆ ಬೇಡ ಎನ್ನಿ. ಅಳಿಸಿದ ಫೈಲುಗಳನ್ನು ಹುಡುಕಿಕೊಡುವ, ಉಚಿತವಾಗಿ ಸಿಗುವ ಫೋಟೋರೆಕ್ (PhotoRec) ತಂತ್ರಾಂಶ ಸಾಕು, ದುಡ್ಡು ಸುರಿಯುವ ಆತುರ ಬೇಡ. ಅದರಲ್ಲಿ ಕಾರ್ಡನ್ನು ಆರಿಸಿ. ಬರೀ ಅಳಿಸಿದ್ದರೆ ‘ಫ್ರೀ’, ಫಾರ್ಮ್ಯಾಟೇ ಆಗಿದ್ದರೆ ‘ಹೋಲ್’ ಒತ್ತಿ. ಸಿಕ್ಕಿದ್ದನ್ನು ಅದೇ ಕಾರ್ಡಿಗಲ್ಲ, ಕಂಪ್ಯೂಟರಿಗೆ ಉಳಿಸಿ. ಬಹಳ ಮಂದಿ ಎಡವುವುದು ಇಲ್ಲೇ. 32 ಜಿಬಿ ಕಾರ್ಡಾದರೆ ಅಷ್ಟೇ ಜಾಗ ಖಾಲಿ ಇಟ್ಟುಕೊಳ್ಳಿ.

ಹಳೆಯ ಹೆಸರುಗಳು ಬರುವುದಿಲ್ಲ, ಅಂಕಿಗಳಷ್ಟೇ. ಜಂಬೂಸವಾರಿಯ ಆನೆಗಳನ್ನು ನೀವೇ ಹುಡುಕಿ ಜೋಡಿಸಬೇಕು. ವಿಡಿಯೊ ಕಾರ್ಡಿನಲ್ಲಿ ತುಂಡುತುಂಡಾಗಿ ಕೂತಿದ್ದರೆ ಕೆಟ್ಟೇ ಬರುತ್ತದೆ.

ಮೊಬೈಲಿನಲ್ಲಿ ತೆಗೆದದ್ದೇ? ಗೂಗಲ್ ಫೋಟೋಸ್‌ನ ಕಸದಬುಟ್ಟಿ ನೋಡಿ: ಬ್ಯಾಕಪ್ ಆಗಿದ್ದರೆ 60 ದಿನ ಇರುತ್ತವೆ.