ಕಾಯುವ ಆಟ: ಮನೆಮಂದಿಯನ್ನು ಸಿಆರ್‌ಪಿಜಿಗೆ ಕೂರಿಸಿದ ನನ್ನ ಅನುಭವ

ವಿಡಿಯೋ ಗೇಮ್ ನಮಗಲ್ಲಪ್ಪ ಅನ್ನುವವರನ್ನು ಕೂರಿಸಿಕೊಂಡು ಮಾತಾಡಿಸಿ ನೋಡಿ. ಹೆಚ್ಚಿನವರಿಗೆ ಹೆದರಿಕೆ ಇರುವುದು ವೇಗದ್ದು. ಪರದೆಯ ಮೇಲೆ ಏನೋ ಓಡಿ ಬರುತ್ತದೆ, ಯಾವ ಬಟನ್ ಒತ್ತಬೇಕು ಅಂತ ಹುಡುಕುವಷ್ಟರಲ್ಲಿ ಆಟ ಮುಗಿದಿರುತ್ತದೆ, ಪಕ್ಕದಲ್ಲಿ ಕೂತ ಹುಡುಗ ನಗುತ್ತಾನೆ. ಅಲ್ಲಿಗೆ ಮುಗೀತು, ಮತ್ತೆ ಅವರು ಕಂಟ್ರೋಲರ್ ಮುಟ್ಟುವುದಿಲ್ಲ. ನನ್ನ ಅಕ್ಕ, ಭಾವ ಇಬ್ಬರೂ ಹಾಗೇ ಇದ್ದರು. ಅಮ್ಮನಂತೂ ಟಿವಿಯಲ್ಲಿ ಗೇಮ್ ಹಾಕಿದರೆ ಎದ್ದು ಒಳಗೆ ಹೋಗುತ್ತಿದ್ದರು. ಈಗ ಮೂವರೂ ತಮ್ಮ ತಮ್ಮ ಆಟ ಕಂಡುಕೊಂಡಿದ್ದಾರೆ. ಆ ಆಟಗಳೆಲ್ಲ ಗೇಮ್ ಆಡುವವರೇ "ಇದು ಬಹಳ ಕಷ್ಟ, ಎಲ್ಲರಿಗೂ ಅಲ್ಲ" ಅಂತ ಪಕ್ಕಕ್ಕಿಟ್ಟಿದ್ದ ಜಾತಿಯವು: ಟ್ಯಾಕ್ಟಿಕಲ್ ಆಟಗಳು ಮತ್ತು ಸಿಆರ್‌ಪಿಜಿ.

ಸಿಆರ್‌ಪಿಜಿ ಅಂದರೆ ಕಂಪ್ಯೂಟರ್ ರೋಲ್ ಪ್ಲೇಯಿಂಗ್ ಗೇಮ್. ನಿಮ್ಮದೊಂದು ಪಾತ್ರ, ಜೊತೆಗೆ ಮೂರ್ನಾಲ್ಕು ಸಂಗಡಿಗರು, ದಾಳ ಉರುಳಿಸಿ ತೀರ್ಮಾನವಾಗುವ ಮಾತುಕತೆ ಮತ್ತು ಜಗಳ. ಟ್ಯಾಕ್ಟಿಕಲ್ ಆಟದಲ್ಲಿ ಕತೆ ಕಡಿಮೆ, ಯಾರನ್ನು ಎಲ್ಲಿ ನಿಲ್ಲಿಸಬೇಕು ಅನ್ನುವ ಯೋಚನೆ ಜಾಸ್ತಿ. ಇವುಗಳಲ್ಲಿ ಹೆಚ್ಚಿನವು ಸರದಿಯ ಆಟಗಳು. ನೀವು ಯೋಚಿಸಿ ಮುಗಿಸುವವರೆಗೂ ಎದುರಿನ ರಾಕ್ಷಸ ಕದಲುವುದಿಲ್ಲ. ಎದ್ದು ಹೋಗಿ ಒಗ್ಗರಣೆ ಹಾಕಿ ಬಂದರೂ ಅಲ್ಲೇ ನಿಂತಿರುತ್ತಾನೆ. ಹೊಸಬರಿಗೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ. ನಾನು ಮನೆಯವರಿಗೆ ಮೊದಲು ತೋರಿಸಿದ್ದೂ ಅದನ್ನೇ. ಕಂಟ್ರೋಲರ್ ಮೇಜಿನ ಮೇಲಿಟ್ಟು, "ನೋಡು, ಏನೂ ಆಗಲ್ಲ, ಅದು ನಿನಗೋಸ್ಕರ ಕಾಯುತ್ತೆ" ಅಂದೆ.

ಹಾಗಾದರೆ ಇಷ್ಟು ದಿನ ಇವು ಜನಕ್ಕೆ ಯಾಕೆ ಮುಟ್ಟಲಿಲ್ಲ? ಬಯೋವೇರ್‌ನವರ ಮೊದಲ ಬಾಲ್ಡರ್ಸ್ ಗೇಟ್ ಬಂದಿದ್ದು 1998ರಲ್ಲಿ. ಮೇಲಿನಿಂದ ನೋಡುವ ಪುಟ್ಟ ಪುಟ್ಟ ಬೊಂಬೆಗಳು, ಕೆಳಗೆ ರಾಶಿ ರಾಶಿ ಓದುವ ಮಾತು, ಹಿಂದುಗಡೆ ಕಣ್ಣಿಗೆ ಕಾಣದೆ ನಡೆಯುವ ಲೆಕ್ಕ. ನನಗೆ ಅದು ಪ್ರಾಣ. ಆದರೆ ಆ ಲೆಕ್ಕ ಗೊತ್ತಿಲ್ಲದವರಿಗೆ, ತಮ್ಮ ಕತ್ತಿ ಯಾಕೆ ತಗುಲಲಿಲ್ಲ ಅನ್ನುವುದೇ ತಿಳಿಯುತ್ತಿರಲಿಲ್ಲ. ಆಮೇಲೆ ದೊಡ್ಡ ಕಂಪನಿಗಳು ಇಂಥ ಆಟಗಳಿಗೆ ದುಡ್ಡು ಹಾಕುವುದನ್ನು ಹೆಚ್ಚುಕಮ್ಮಿ ಬಿಟ್ಟೇಬಿಟ್ಟವು. 2012ರಲ್ಲಿ ಅಬ್ಸಿಡಿಯನ್, 2013ರಲ್ಲಿ ಬೆಲ್ಜಿಯಂನ ಲಾರಿಯನ್ ಅನ್ನುವ ಗೇಮ್ ಕಂಪನಿಗಳು, ಕಿಕ್‌ಸ್ಟಾರ್ಟರ್ ಮೂಲಕ ನೇರವಾಗಿ ಆಟಗಾರರ ಹತ್ತಿರ ದುಡ್ಡು ಕೇಳಿ ಮತ್ತೆ ಶುರು ಮಾಡಿದವು. ಲಾರಿಯನ್‌ನ ಆ ದಾರಿ 2023ರ ಆಗಸ್ಟ್‌ನಲ್ಲಿ ಬಾಲ್ಡರ್ಸ್ ಗೇಟ್ 3ಕ್ಕೆ ಬಂದು ಮುಟ್ಟಿತು. ಆ ವರ್ಷ ದಿ ಗೇಮ್ ಅವಾರ್ಡ್ಸ್‌ನಲ್ಲಿ ವರ್ಷದ ಆಟ ಅನ್ನುವ ಪ್ರಶಸ್ತಿ ಅದಕ್ಕೇ ಸಿಕ್ಕಿತು. ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಯಲ್ಲಿ ಒಂದೇ ಹೊತ್ತಿಗೆ 8 ಲಕ್ಷಕ್ಕೂ ಜಾಸ್ತಿ ಜನ ಆಡಿದ್ದಾರೆ. ಗಮನಿಸಿ, ಅವರು ನಿಯಮ ಕಡಿಮೆ ಮಾಡಿ ಇಷ್ಟು ಜನರನ್ನು ಗೆದ್ದಿದ್ದಲ್ಲ. ಮೇಜಿನ ಸುತ್ತ ಕೂತು ದಾಳ ಉರುಳಿಸಿ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಈ ಆಟಕ್ಕೆ ಆಧಾರ, ಅದರ ಐದನೇ ಆವೃತ್ತಿಯ ನಿಯಮಗಳು ಬಹುಪಾಲು ಹಾಗೇ ಇವೆ. ಅವನ್ನು ಮುಚ್ಚಿಡದೆ ಕಣ್ಣಿಗೆ ಕಾಣುವ ಹಾಗೆ ಮುಂದಿಟ್ಟರು, ಮಾತಾಡುವವರಿಗೆ ಮುಖ ಕೊಟ್ಟರು, ದನಿ ಕೊಟ್ಟರು.

ಅಕ್ಕನನ್ನು ಕೂರಿಸಿದ್ದು ಇದೇ ಆಟಕ್ಕೆ. ಪಿಎಸ್5ನಲ್ಲಿ ಪರದೆ ಎರಡು ಭಾಗ ಮಾಡಿಕೊಂಡು ಇಬ್ಬರು ಒಟ್ಟಿಗೆ ಆಡಬಹುದು. ನಾನು ಒಂದು ಪಾತ್ರ, ಅಕ್ಕ ಒಂದು ಪಾತ್ರ. ಇಲ್ಲಿ ನನ್ನ ಮೊದಲ ಸಲಹೆ: ಪಾತ್ರ ಸೃಷ್ಟಿಸುವ ಪರದೆಯಲ್ಲಿ ಹೊಸಬರನ್ನು ಜಾಸ್ತಿ ಹೊತ್ತು ಬಿಡಬೇಡಿ. ಜನಾಂಗ, ವೃತ್ತಿ, ಹಿನ್ನೆಲೆ, ಆರು ಗುಣಗಳ ಅಂಕ ಎಲ್ಲ ಒಟ್ಟಿಗೆ ಎದುರಾದರೆ ಬ್ಯಾಂಕಿನ ಅರ್ಜಿ ತುಂಬಿದ ಹಾಗಿರುತ್ತದೆ. ಮುಖ, ಕೂದಲು, ಹೆಸರು ಅಕ್ಕ ಆರಿಸಿದಳು. ಉಳಿದದ್ದಕ್ಕೆ ಒಂದೇ ಪ್ರಶ್ನೆ ಕೇಳಿದೆ: "ಹೊಡೆದಾಡ್ತೀಯಾ, ಮಾತಲ್ಲಿ ಗೆಲ್ತೀಯಾ, ಪ್ರಾಣಿ ಆಗ್ತೀಯಾ?" ಪ್ರಾಣಿ ಅಂದಳು. ಪ್ರಾಣಿಯ ರೂಪ ತಾಳಬಲ್ಲ ಡ್ರೂಯಿಡ್ ಮಾಡಿಕೊಟ್ಟೆ. ಎರಡನೇ ಲೆವೆಲ್‌ಗೆ ಬಂದಾಗ ಬೆಕ್ಕಾಗಿ, ಮನುಷ್ಯರು ನುಗ್ಗಲಾಗದ ಕಿಂಡಿಯಲ್ಲಿ ಅವಳು ನುಸುಳಿದಾಗಿನ ಖುಷಿ ನೋಡಬೇಕಿತ್ತು. ಕಷ್ಟದ ಮಟ್ಟ ಎಲ್ಲಕ್ಕಿಂತ ಸುಲಭದ ಎಕ್ಸ್‌ಪ್ಲೋರರ್‌ನಲ್ಲೇ ಇಟ್ಟೆ. ಆಮೇಲೆ ಯಾವಾಗ ಬೇಕಾದರೂ ಏರಿಸಿಕೊಳ್ಳಬಹುದು.

ಯುದ್ಧದ ನಿಯಮವನ್ನೂ ಒಂದೊಂದೇ ಹೇಳಿಕೊಟ್ಟೆ. ಎಮರಾಲ್ಡ್ ಗ್ರೋವ್ ಅನ್ನುವ ಜಾಗದ ಬಾಗಿಲಲ್ಲಿ ಗಾಬ್ಲಿನ್ ಅನ್ನುವ ಕುಳ್ಳ ರಾಕ್ಷಸರ ಜೊತೆ ಒಂದು ಕಾಳಗ ಬರುತ್ತದೆ. ಅಲ್ಲಿ ಹೇಳಿದ್ದು ಒಂದೇ ಮಾತು: ಎತ್ತರದ ಜಾಗ ಹಿಡಿ. ಎತ್ತರದಿಂದ ಬಾಣ ಬಿಟ್ಟರೆ ದಾಳಕ್ಕೆ 2 ಸೇರುತ್ತದೆ, ತಗ್ಗಿನಿಂದ ಬಿಟ್ಟರೆ 2 ಕಳೆಯುತ್ತದೆ. ಅಷ್ಟು ಸಾಕಾಯಿತು. ಅಂಚಿನಲ್ಲಿ ನಿಂತ ಗಾಬ್ಲಿನ್‌ನನ್ನು ತಳ್ಳಿ ಬೀಳಿಸಬಹುದು ಅನ್ನುವುದನ್ನು ಅಕ್ಕ ತಾನೇ ಕಂಡುಹಿಡಿದಳು. ನಾನೇ ಹೇಳಿಬಿಟ್ಟಿದ್ದರೆ ಆ ಸಂತೋಷ ಅವಳದಾಗುತ್ತಿರಲಿಲ್ಲ.

ಆದರೆ ಅಕ್ಕ ಆಟಕ್ಕೆ ಅಂಟಿಕೊಂಡಿದ್ದು ಯುದ್ಧದಿಂದಲ್ಲ. ಅದೇ ಗ್ರೋವ್‌ನ ಒಳಗೆ ಕಾಗಾ ಅನ್ನುವ ಹೆಂಗಸಿದ್ದಾಳೆ. ಅರಬೆಲ್ಲಾ ಅನ್ನುವ ಚಿಕ್ಕ ಹುಡುಗಿ ಅವರ ಪೂಜೆಯ ವಿಗ್ರಹ ಕದಿಯಲು ಹೋಗಿ ಸಿಕ್ಕಿಬಿದ್ದಿದ್ದಾಳೆ. ಹುಡುಗಿಯ ಎದುರಿಗೆ ತಲೆ ಎತ್ತಿದ ಹಾವು. ಹೊರಗೆ ಅವಳ ಅಪ್ಪ ಅಮ್ಮ ಅಂಗಲಾಚುತ್ತಿದ್ದಾರೆ. ಬಿಟ್ಟುಬಿಡಿ ಅಂತ ಕಾಗಾಳನ್ನು ಒಪ್ಪಿಸಬೇಕು. ಪರದೆಯ ಮಧ್ಯೆ 20 ಮುಖದ ದಾಳ ಬಂತು. ಅಕ್ಕ ಬಟನ್ ಒತ್ತಿದಳು. ದಾಳ ಸುತ್ತಿ ಸುತ್ತಿ ಚಿಕ್ಕ ಅಂಕೆಗೆ ನಿಂತಿತು. ಹುಡುಗಿ ಹೆದರಿ ಓಡಿದಳು, ಹಾವು ಕಚ್ಚಿತು, ಮಗು ಸತ್ತುಹೋಯಿತು.

ಅಕ್ಕ ನನ್ನ ಕಡೆ ತಿರುಗಿ, "ಹಿಂದಕ್ಕೆ ಹೋಗೋಕಾಗುತ್ತೇನೋ?" ಅಂದಳು. ಆಗುತ್ತದೆ. ಸೇವ್ ಮಾಡಿದಲ್ಲಿಂದ ಮತ್ತೆ ಶುರು ಮಾಡಿದರಾಯಿತು. ನಾನು ಹೇಳಿದೆ, "ಆಗುತ್ತೆ. ಆದರೆ ಸ್ವಲ್ಪ ಮುಂದೆ ಹೋಗಿ ನೋಡು, ಆಮೇಲೆ ಬೇಕಾದರೆ ಹಿಂದಕ್ಕೆ ಹೋಗೋಣ." ಮುಂದೆ ಹೋದಳು. ಆ ತಾಯಿಯ ಎದುರು ನಿಂತಳು. ಕಾಗಾಳ ಮೇಲೆ ಅವಳಿಗೆ ಹುಟ್ಟಿದ ಸಿಟ್ಟು ಆ ರಾತ್ರಿ ಆಟ ನಿಲ್ಲಿಸಿದ ಮೇಲೂ ಇಳಿಯಲಿಲ್ಲ. ಮಾರನೇ ದಿನ ಆಫೀಸಿನಿಂದಲೇ ಮೆಸೇಜ್: "ಆ ಹೆಂಗಸಿನ ವಿರುದ್ಧ ಸಾಕ್ಷಿ ಏನಾದ್ರೂ ಸಿಗುತ್ತಾ?" ಸಿಗುತ್ತದೆ. ಹುಡುಕಬೇಕು. ಸೋತರೂ ಆಟ ಮುಗಿಯಲಿಲ್ಲ, ಕತೆ ಬೇರೆ ದಾರಿ ಹಿಡಿಯಿತು. ಇಂಥದ್ದು ಬೇರೆ ಜಾತಿಯ ಆಟಗಳಲ್ಲಿ ಅಪರೂಪ. ಹೊಸಬರಿಗೆ ಸೇವ್ ಮಾಡುವುದನ್ನು ಕಲಿಸಿ, ಖಂಡಿತ ಕಲಿಸಿ. ಆದರೆ ದಾಳ ಕೈಕೊಟ್ಟ ತಕ್ಷಣ ಹಿಂದಕ್ಕೆ ಓಡುವ ಅಭ್ಯಾಸ ಹತ್ತಿಸಬೇಡಿ. ಅದು ಹತ್ತಿತು ಅಂದರೆ ಆಟದ ಅರ್ಧ ಜೀವ ಹೋದ ಹಾಗೆ.

ಅಮ್ಮ ಬಂದಿದ್ದು ಈ ದಾಳದ ಸದ್ದಿಗೆ. ಅಡುಗೆಮನೆಯಿಂದ ಹೊರಗೆ ಬಂದು, "ಎಷ್ಟು ಬಿತ್ತು?" ಅಂತ ಕೇಳಿದರು. ಅಮ್ಮ ಚೌಕಾಬಾರ ಆಡಿ ಬೆಳೆದವರು. ನಾಲ್ಕು ಕವಡೆ ಚೆಲ್ಲಿ, ಚೌಕ ಬಿತ್ತೋ ಬಾರ ಬಿತ್ತೋ ನೋಡಿ, ಯಾವ ಕಾಯಿ ನಡೆಸಬೇಕು, ಯಾವುದನ್ನು ಕಟ್ಟೆಯಲ್ಲಿ ಉಳಿಸಬೇಕು ಅಂತ ಲೆಕ್ಕ ಹಾಕುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಅದೃಷ್ಟವನ್ನೂ ಬುದ್ಧಿಯನ್ನೂ ಒಟ್ಟಿಗೆ ಹಿಡಿದು ಆಡುವುದು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಕಂಟ್ರೋಲರ್ ಅವರು ಇವತ್ತಿಗೂ ಹಿಡಿಯುವುದಿಲ್ಲ. ಹಿಡಿಯಬೇಕಾಗಿಯೂ ಇಲ್ಲ. ಮಾತುಕತೆಯಲ್ಲಿ ಯಾವ ಉತ್ತರ ಕೊಡಬೇಕು ಅನ್ನುವುದು ಅಮ್ಮನ ತೀರ್ಮಾನ. ನಾನು ಆಯ್ಕೆಗಳನ್ನು ಕನ್ನಡದಲ್ಲಿ ಓದಿ ಹೇಳುತ್ತೇನೆ, ಅವರು "ಎರಡನೇದು ಹೇಳು" ಅನ್ನುತ್ತಾರೆ. ಪ್ರಾಣಿಗಳ ಜೊತೆ ಮಾತಾಡುವ ಮಂತ್ರ ಸಿಕ್ಕ ಮೇಲೆ ದಾರಿಯಲ್ಲಿ ಸಿಕ್ಕ ಎತ್ತು, ಅಳಿಲು, ನಾಯಿ ಯಾವುದನ್ನೂ ಮಾತಾಡಿಸದೆ ಮುಂದೆ ಹೋಗಲು ಬಿಡುವುದಿಲ್ಲ. ಸತ್ತ ಯಜಮಾನನ ಪಕ್ಕ ಕಾದು ನಿಂತ ಸ್ಕ್ರ್ಯಾಚ್ ಅನ್ನುವ ನಾಯಿಯನ್ನು ನಮ್ಮ ಬಿಡಾರಕ್ಕೆ ಕರೆದುಕೊಂಡು ಬಂದಿದ್ದು ಅಮ್ಮನ ಒತ್ತಾಯಕ್ಕೆ.

ಭಾವನ ಕತೆ ಬೇರೆ. ಅವರಿಗೆ ಮಾಟ ಮಂತ್ರ ಬೇಡ, ಉದ್ದ ಮಾತುಕತೆ ಬೇಡ. ಅವರಿಗೆ ಎಕ್ಸ್‌ಕಾಮ್ 2 ಹಾಕಿಕೊಟ್ಟೆ. ಭೂಮಿ ಅನ್ಯಗ್ರಹದವರ ವಶವಾಗಿದೆ, ನಿಮ್ಮ ಹತ್ತಿರ ಕೆಲವೇ ಸೈನಿಕರು. ಪ್ರತಿ ಸರದಿಗೆ ಒಬ್ಬೊಬ್ಬರಿಗೆ ಎರಡು ಕೆಲಸ: ಓಡಿ ಹೊಡೆಯಬಹುದು, ಇಲ್ಲವೇ ದೂರ ಓಡಬಹುದು. 1994ರ ಮೊದಲ ಎಕ್ಸ್‌ಕಾಮ್‌ನಲ್ಲಿ ಪ್ರತಿ ಹೆಜ್ಜೆಗೂ ಸಮಯದ ಅಂಕ ಕಳೆಯುತ್ತಾ ಕೂರಬೇಕಿತ್ತು. 2012ರಲ್ಲಿ ಫಿರಾಕ್ಸಿಸ್‌ನವರು ಅದನ್ನು ಎರಡು ಕೆಲಸಕ್ಕೆ ಇಳಿಸಿದರು. ಹೊಸಬರಿಗೆ ಬಾಗಿಲು ತೆರೆದಿದ್ದು ಅದೇ ಅಂತ ನನ್ನ ಅಭಿಪ್ರಾಯ. ಮೊಣಕಾಲೆತ್ತರದ ಗೋಡೆಯ ಹಿಂದೆ ನಿಂತರೆ ಶತ್ರುವಿನ ಗುಂಡು ತಗುಲುವ ಸಾಧ್ಯತೆಯಲ್ಲಿ ನೂರಕ್ಕೆ 20 ಕಳೆಯುತ್ತದೆ, ಪೂರ್ತಿ ಗೋಡೆಯಾದರೆ 40. ಭಾವ ಮೊದಲ ದಿನವೇ ಸೈನಿಕರಿಗೆ ನೆಂಟರ ಹೆಸರಿಟ್ಟರು. ಇದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಈ ಆಟದಲ್ಲಿ ಸತ್ತವರು ಸತ್ತರು, ವಾಪಸ್ ಬರುವುದಿಲ್ಲ. ಹೆಸರಿಲ್ಲದ ಸೈನಿಕ ಸತ್ತರೆ ನಷ್ಟ. ಚಿಕ್ಕಪ್ಪನ ಹೆಸರಿನವನು ಸತ್ತರೆ ಮನೆಯಲ್ಲಿ ಒಂದು ವಾರ ಅದೇ ಮಾತು.

ಭಾವನಿಗೆ ಸಿಟ್ಟು ಬಂದಿದ್ದು ಅಂಕಿಯ ಮೇಲೆ. ಪರದೆಯಲ್ಲಿ ಗುಂಡು ತಗುಲುವ ಸಾಧ್ಯತೆ ಶೇ. 85 ಅಂತ ತೋರಿಸುತ್ತದೆ, ಗುಂಡು ತಪ್ಪುತ್ತದೆ. "ಇದು ಮೋಸ ಅಲ್ವಾ?" ಅಂದರು. ಮೋಸ ಅಲ್ಲ. ಶೇ. 85 ಅಂದರೆ ಏಳರಲ್ಲಿ ಒಂದು ಸಲ ತಪ್ಪುವುದೇ ಲೆಕ್ಕ. ಆದರೆ ನಮ್ಮ ಮನಸ್ಸು 85 ಕಂಡರೆ ಗ್ಯಾರಂಟಿ ಅಂದುಕೊಳ್ಳುತ್ತದೆ. ಆಟ ಮಾಡುವವರಿಗೆ ಇದು ಚೆನ್ನಾಗಿ ಗೊತ್ತು. ಎಕ್ಸ್‌ಕಾಮ್‌ನ ಕೆಳಗಿನ ಮಟ್ಟಗಳಲ್ಲಿ ಆಟಗಾರನಿಗೆ ಒಳಗೊಳಗೇ ಸ್ವಲ್ಪ ಸಹಾಯ ಸಿಗುತ್ತದೆ. ಜಪಾನಿನ ಫೈರ್ ಎಂಬ್ಲಮ್ ಸರಣಿಯ ಹಲವು ಆಟಗಳಲ್ಲಿ ದಾಳ ಎರಡು ಸಲ ಹಾಕಿದ ಹಾಗೆ ಎರಡು ಸಂಖ್ಯೆ ತೆಗೆದು ಸರಾಸರಿ ನೋಡುತ್ತಾರೆ, ಹಾಗಾಗಿ ಪರದೆಯ ಮೇಲಿನ 90 ನಿಜದಲ್ಲಿ ಸುಮಾರು 98. ಇದು ಒಳ್ಳೆಯ ಉದ್ದೇಶದಿಂದಲೇ ಮಾಡಿದ್ದು. ಆದರೂ ನನಗೆ ಬಾಲ್ಡರ್ಸ್ ಗೇಟ್‌ನ ದಾರಿಯೇ ಹೆಚ್ಚು ಇಷ್ಟ. ಮಾತುಕತೆಯ ಹೊತ್ತಿನಲ್ಲಿ ದಾಳ ಕಣ್ಣೆದುರೇ ಉರುಳುತ್ತದೆ. ಎಷ್ಟು ಬೇಕಿತ್ತು, ಎಷ್ಟು ಬಿತ್ತು, ನಿಮ್ಮ ಗುಣಕ್ಕೆ ಎಷ್ಟು ಸೇರಿತು, ಎಲ್ಲ ತೋರಿಸುತ್ತದೆ. ಕಣ್ಣಾರೆ ಕಂಡ ಸೋಲನ್ನು ಅಮ್ಮ ಒಂದು ಸಲವೂ ಮೋಸ ಅನ್ನಲಿಲ್ಲ.

ಅದೃಷ್ಟವೇ ಬೇಡ ಅನ್ನುವವರೂ ಇದ್ದಾರೆ. ಅಕ್ಕನ ಮಗಳು ಚೆಸ್ ಆಡುವವಳು. ಅವಳಿಗೆ 2018ರ ಇನ್‌ಟು ದ ಬ್ರೀಚ್ ಕೊಟ್ಟೆ. ಎಂಟು ಸಾಲು, ಸಾಲಿಗೆ ಎಂಟು ಮನೆ, ನಿಮ್ಮ ಕಡೆ ಮೂರೇ ಯಂತ್ರಗಳು. ಎದುರಾಳಿ ಮುಂದಿನ ಸರದಿಯಲ್ಲಿ ಎಲ್ಲಿ ಹೊಡೆಯುತ್ತಾನೆ ಅಂತ ಆಟ ಮೊದಲೇ ತೋರಿಸಿಬಿಡುತ್ತದೆ. ಹೊಡೆತವನ್ನು ತಪ್ಪಿಸಬಹುದು, ಇಲ್ಲವೇ ಒಬ್ಬ ಶತ್ರುವನ್ನು ಒಂದು ಮನೆ ತಳ್ಳಿ ಅವನ ಹೊಡೆತ ಇನ್ನೊಬ್ಬ ಶತ್ರುವಿಗೇ ಬೀಳುವ ಹಾಗೆ ಮಾಡಬಹುದು. ನೆಲದ ಮೇಲೆ ಅಂಗಾತ ಮಲಗಿ ಹತ್ತು ನಿಮಿಷ ಯೋಚಿಸಿ, ಎದ್ದು ಬಂದು ಒಂದು ನಡೆ ಆಡುತ್ತಾಳೆ. ಆಟ ಕಾಯುತ್ತದೆ.

ಇನ್ನು ತೊಡಕಿನ ಮಾತು. ಈ ಆಟಗಳು ಒಂದೂ ಕನ್ನಡದಲ್ಲಿಲ್ಲ. ವೇಗದ ಆಟಕ್ಕೆ ಭಾಷೆ ಅಷ್ಟಾಗಿ ಬೇಕಾಗಿಲ್ಲ, ಸಿಆರ್‌ಪಿಜಿಗೆ ಬೇಕೇ ಬೇಕು. 2019ರ ಡಿಸ್ಕೋ ಎಲಿಸಿಯಂನಲ್ಲಿ ಪ್ರತ್ಯೇಕ ಯುದ್ಧವೇ ಇಲ್ಲ, ಪತ್ತೇದಾರನ ತಲೆಯೊಳಗಿನ 24 ಗುಣಗಳು ಅವನ ಜೊತೆ ವಾದ ಮಾಡುತ್ತಾ ಹೋಗುತ್ತವೆ. ಕಾದಂಬರಿ ಓದುವವರಿಗೆ ಹೇಳಿ ಮಾಡಿಸಿದ ಆಟ. ಆದರೆ ಅಮ್ಮನಿಗೆ ಅದನ್ನು ಓದಿ ಹೇಳಲು ಕೂತರೆ ನನ್ನ ಗಂಟಲು ಉಳಿಯುವುದಿಲ್ಲ. ಬಾಲ್ಡರ್ಸ್ ಗೇಟ್‌ನಲ್ಲಿ ಮುಖ, ದನಿ, ಸನ್ನೆ ಇರುವುದರಿಂದ ಅರ್ಧ ಅರ್ಥ ತಾನೇ ಆಗುತ್ತದೆ, ಉಳಿದರ್ಧ ನಾನು ಹೇಳಿದರೆ ಸಾಕು. ಸಬ್‌ಟೈಟಲ್ ಅಕ್ಷರ ಆದಷ್ಟು ದೊಡ್ಡದು ಮಾಡಿಕೊಳ್ಳಿ. ಸೋಫಾ ಮೇಲಿಂದ ಓದುವಾಗ ಕಣ್ಣು ನೋಯುತ್ತಿದ್ದರೆ ಯಾವ ಕತೆಯೂ ರುಚಿಸುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಫೋನ್, ಗೇಮಿಂಗ್ ಕಂಪ್ಯೂಟರ್ ಅಲ್ಲ. ಬಾಲ್ಡರ್ಸ್ ಗೇಟ್ 3ಕ್ಕೆ ಕಂಪ್ಯೂಟರ್‌ನಲ್ಲಿ 150 ಜಿಬಿ ಜಾಗವೇ ಬೇಕು. ಆದರೆ ಎಕ್ಸ್‌ಕಾಮ್ 2 ಫೋನಿಗೂ ಬಂದಿದೆ, 1998ರ ಬಾಲ್ಡರ್ಸ್ ಗೇಟ್‌ನ ಹೊಸ ರೂಪವೂ ಬಂದಿದೆ. ಮನೆಯಲ್ಲಿ ಯಾರನ್ನಾದರೂ ಈ ಕಡೆ ತರಬೇಕು ಅಂತಿದ್ದರೆ ನಾನು ಎಕ್ಸ್‌ಕಾಮ್ ಕಡೆಗೇ ಬೆರಳು ತೋರಿಸುತ್ತೇನೆ. ಹಳೆಯ ಬಾಲ್ಡರ್ಸ್ ಗೇಟ್ ಎಷ್ಟೇ ಪ್ರೀತಿಯದಾದರೂ, ಚಿಕ್ಕ ಪರದೆಯ ಮೇಲಿನ ಆ ಅಕ್ಷರದ ರಾಶಿ ಹೊಸಬರನ್ನು ಓಡಿಸುತ್ತದೆ. ಮೊದಲ ಕಾಳಗ ಮುಗಿಯುವವರೆಗೆ ಪಕ್ಕದಲ್ಲಿ ಕೂತಿರಿ. ಅವರು ಕೇಳುವವರೆಗೂ ಫೋನ್ ಕೈಯಿಂದ ಇಸಿದುಕೊಳ್ಳಬೇಡಿ, "ಅಯ್ಯೋ, ಹಾಗಲ್ಲ" ಅನ್ನಬೇಡಿ. ಮತ್ತೆ, ಸೈನಿಕರಿಗೆ ಹೆಸರಿಡುವುದನ್ನು ಮೊದಲೇ ತೋರಿಸಿಕೊಡಿ.