ಅಪ್ಪನ ರೈಫಲ್ಲಿಗೆ ಗರಗಸ ಹಚ್ಚುವ ಮುಂಚೆ

ಹಿರಿಯೂರಿನ ತೋಟದ ಮನೆಯಲ್ಲಿ ಅಪ್ಪನ ಲೈಸೆನ್ಸಿನ .315 ರೈಫಲ್ ಇದೆ. ಪಶ್ಚಿಮ ಬಂಗಾಳದ ಇಷಾಪುರದ ಸರ್ಕಾರಿ ರೈಫಲ್ ಕಾರ್ಖಾನೆಯದ್ದು. ಗುಂಡು ತುಂಬಿ ಮುಚ್ಚುವ ಬೋಲ್ಟಿನ ವ್ಯವಸ್ಥೆ ಹಳೇ ಮಿಲಿಟರಿ ಲೀ-ಎನ್‌ಫೀಲ್ಡ್ ರೈಫಲ್ಲಿನದೇ. ಗುರಿ ತಪ್ಪುತ್ತಿದೆ, ನಳಿಗೆ ಕತ್ತರಿಸೋಣ ಅಂದ ತಮ್ಮ. ಬೇಡಪ್ಪ ಅಂದೆ. ಅನುಮತಿ ಇಲ್ಲದೆ ನಳಿಗೆ ಮೊಟಕು ಮಾಡುವುದು 1959ರ ಆಯುಧ ಕಾಯ್ದೆಯಲ್ಲಿ ಅಪರಾಧ. ಕತ್ತರಿಸಿದ್ದು ಮತ್ತೆ ಕೂಡುವುದೂ ಇಲ್ಲ, ಅಲ್ವಾ?

ಗುರಿ ತಪ್ಪುತ್ತಿದ್ದರೆ, ಮೊದಲು ರೈಫಲ್ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ನಳಿಗೆಯನ್ನು ಹಿಂದಿನಿಂದ ಸ್ವಚ್ಛ ಮಾಡಿ. ಬಾಯಿಯ ಅಂಚಿಗೆ ಪೆಟ್ಟು ಬಿದ್ದಿದೆಯಾ ನೋಡಿ.

ಮುಖ್ಯವಾದದ್ದು ರೈಫಲ್ಲಿನ ಮರ, ಅಂದರೆ ಕಬ್ಬಿಣದ ಭಾಗ ಕೂರುವ ಮರದ ಚೌಕಟ್ಟು. ನಮ್ಮ ಕಡೆಯ ಬಿಸಿಲಿಗೆ ಮರ ಒಣಗಿ ಕುಗ್ಗುತ್ತದೆ. ತಿರುಪು ಸಡಿಲವಾಗುತ್ತದೆ. ಆಗ ಪ್ರತಿ ಗುಂಡಿಗೂ ಕಬ್ಬಿಣ ಮರದೊಳಗೆ ಅಲುಗುತ್ತದೆ. ನಮ್ಮದರಲ್ಲಿ ಇದ್ದ ತೊಂದರೆ ಇದೇ. ಲೈಸೆನ್ಸ್ ಇರುವ ರಿಪೇರಿಯವರಿಂದ ಮರವನ್ನು ಬಿಗಿಯಾಗಿ ಕೂರಿಸಿದೆವು. ಮೂಲ ಭಾಗ ಒಂದನ್ನೂ ಕೊಯ್ಯಲಿಲ್ಲ.